ಎರಡನೇ ಪಂಪಿನ ವರದಿ

ಮತ ಎಣಿಕೆಯ ಮರುದಿನ ಬೆಳಗಿನ ಪಾಳಿಗೆ ಬಂದ ಗುಡ್ಡನ ಕೈಯನ್ನು ಹನ್ನೊಂದು ಜನ ಕುಲುಕಿದರು. ಗೇಟಿನ ಕಾವಲುಗಾರ, ಕ್ಲೋರಿನ್ ಕೋಣೆಯ ಇಬ್ಬರು, ಫಿಟ್ಟರ್, ಅಂಗಳ ಗುಡಿಸುವವನು, ಕೊನೆಗೆ ಸಂಬಳದ ದಿನ ಬಿಟ್ಟರೆ ಬೇರೆ ದಿನ ತಲೆ ಎತ್ತದ ಗುಮಾಸ್ತನೂ. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಇಷ್ಟು ಜನ ಒಂದೇ ದಿನ ಅವನ ಕೈ ಮುಟ್ಟಿದ್ದು ಅದೇ ಮೊದಲು. ಚುನಾವಣೆ ಗೆದ್ದದ್ದು ಅವನಲ್ಲ, ಒಬ್ಬ ವಕೀಲೆ. ಅವಳನ್ನು ಅವನು ಗೋಡೆಯ ಪೋಸ್ಟರಿನಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವನಲ್ಲ. ಆದರೆ ಹೊಸ ಮೇಯರ್ ಗುಡ್ಡದವಳು, ಇವನೂ ಗುಡ್ಡದವನು. ಕೈ ಕುಲುಕುವುದಕ್ಕೆ ಅಷ್ಟು ಸಾಕಿತ್ತು.

ಅರವತ್ತು ವರ್ಷದ ಹಿಂದೆ ಜಲಾಶಯ ಕಟ್ಟುವಾಗ ಕಲ್ಲು ಒಡೆಯಲು ಗುಡ್ಡಗಾಡಿನಿಂದ ಜನರನ್ನು ಕರೆತಂದಿದ್ದರು. ಕಟ್ಟೆ ಮುಗಿದ ಮೇಲೆ ಅವರು ಹಿಂದಿರುಗಲಿಲ್ಲ. ಅವರ ಮಕ್ಕಳು ಮೊಮ್ಮಕ್ಕಳು ಊರಿನ ಭಾಷೆಯನ್ನೇ ಆಡುತ್ತಿದ್ದರು, ಊರಿನ ಶಾಲೆಗಳಲ್ಲೇ ಓದಿದ್ದರು. ಆದರೆ ಬಣ್ಣ, ಕೆನ್ನೆಮೂಳೆ, ಕಣ್ಣಿನ ಅಂಚು, ಹೇಳಬೇಕಾದ್ದನ್ನೆಲ್ಲ ಬಾಯಿ ತೆರೆಯುವ ಮೊದಲೇ ಹೇಳಿಬಿಡುತ್ತಿದ್ದವು. ಊರಿನಲ್ಲಿ ನೂರಕ್ಕೆ ಒಂಬತ್ತು ಜನ ಗುಡ್ಡದವರು, ಉಳಿದವರು ಬಯಲಿನವರು. ಗುಡ್ಡದವರು ಒಬ್ಬರೂ ಬಿಡದೆ ಓಟು ಹಾಕಿದ್ದರೂ ವಕೀಲೆ ಠೇವಣಿ ಕಳೆದುಕೊಳ್ಳುತ್ತಿದ್ದಳು. ಬಯಲಿನವರು ಹಾಕಿದ್ದರಿಂದ ಗೆದ್ದಳು.

ಹಾಗೆ ಹಾಕಿದವರಲ್ಲಿ ಮೀಸೆಯೂ ಒಬ್ಬ. ಗುಡ್ಡ ಪಂಪ್‌ಮನೆಗೆ ಸೇರಿದ ನಾಲ್ಕು ತಿಂಗಳಿಗೆ ಸೇರಿದವನು, ಅಂದಿನಿಂದ ಅದೇ ಪಾಳಿಯಲ್ಲಿ ಅವನ ಜೋಡಿ. ಗುಡ್ಡನಿಗೆ ಗುಡ್ಡ ಎಂದು ಹೆಸರಿಟ್ಟವನೂ ಇವನೇ. ಅದಕ್ಕೆ ಪ್ರತಿಯಾಗಿ ಗುಡ್ಡ ಅವನ ಮೀಸೆಯನ್ನೇ ಹೆಸರು ಮಾಡಿದ್ದ.

"ನಮ್ಮ ಮನೇಲಿ ನಾಲ್ಕು ಓಟು ಕಣೋ ಗುಡ್ಡಾ," ಎಂದ ಮೀಸೆ, ಅಂಗಳದ ಬೆಂಚಿನ ಮೇಲೆ ಬುತ್ತಿಯ ಡಬ್ಬಿ ಬಿಚ್ಚುತ್ತ. "ನಾಲ್ಕೂ ನಿಮ್ಮವಳಿಗೇ. ನನ್ನ ಹೆಂಡ್ತಿ ಮೊದಲು ಮುಖ ಸೊಟ್ಟ ಮಾಡಿದ್ಲು. ನಾನಂದೆ, ಹತ್ತೊಂಬತ್ತು ವರ್ಷದಿಂದ ಗುಡ್ಡದವನ ಡಬ್ಬೀಲಿ ಕೈ ಹಾಕಿ ತಿಂತಿದೀನಿ, ಇನ್ನೂ ಬದುಕಿದೀನಿ ತಾನೆ?"

"ನನ್ನ ಡಬ್ಬೀಲಿ ತಿಂದಿದ್ದಕ್ಕೇ ಬದುಕಿರೋದು. ನಿಂದೇ ತಿಂದಿದ್ರೆ ಗೊತ್ತಾಗ್ತಿತ್ತು."

"ಥೂ, ಅವಳಿಗೆ ಹೇಳ್ತೀನಿ ತಾಳು."

ಇಬ್ಬರೂ ನಕ್ಕರು. ಗುಡ್ಡನಿಗೆ ಆ ದಿನದ ಹನ್ನೊಂದು ಕೈಗಳಿಗಿಂತ ಈ ಮಾತು ಹೆಚ್ಚು ಹಿತವಾಯಿತು. ಮೀಸೆ ಕೈ ಕುಲುಕಿರಲಿಲ್ಲ. ಅದರ ಅಗತ್ಯ ಅವರಿಬ್ಬರ ನಡುವೆ ಇರಲಿಲ್ಲ.

ಅವರ ಕೆಲಸವೇ ಬಾಯಿಲ್ಲದ ಕೆಲಸ. ಪಂಪ್‌ಮನೆಯಲ್ಲಿ ನಾಲ್ಕು ಪಂಪು, ಮೂರು ಓಡುತ್ತವೆ, ಒಂದು ವಿಶ್ರಾಂತಿಯಲ್ಲಿರುತ್ತದೆ. ಜಲಾಶಯದ ನೀರನ್ನು ಊರಿನ ಎತ್ತರದ ಟ್ಯಾಂಕಿಗೆ ಏರಿಸುವುದು ಅವುಗಳ ಕೆಲಸ. ಮೂರು ಓಡುವಾಗ ಪಕ್ಕದಲ್ಲಿ ನಿಂತು ಕೂಗಿದರೂ ಕೇಳಿಸದು. ಗುಡ್ಡ ನಿಲ್ಲುವುದು ಮೇಲೆ, ಗೇಜುಗಳೂ ಸ್ವಿಚ್ಚುಗಳೂ ಇರುವ ಕಟ್ಟೆಯ ಮೇಲೆ. ಹದಿನಾಲ್ಕು ಮೆಟ್ಟಿಲು ಕೆಳಗೆ, ಪೈಪುಗಳ ಗುಂಡಿಯಲ್ಲಿ, ವಾಲ್ವ್‌ಗಳ ಚಕ್ರ ತಿರುಗಿಸುವವನು ಮೀಸೆ. ಇಬ್ಬರ ಮಾತೂ ಕೈಸನ್ನೆಯಲ್ಲೇ. ಅಂಗೈ ಕೆಳಗೆ ಮಾಡಿದರೆ ಮುಚ್ಚು, ಮೇಲೆ ಮಾಡಿದರೆ ತೆರೆ. ಬೆರಳು ಎಷ್ಟೋ ಅಷ್ಟನೇ ಪಂಪು. ಎರಡೂ ಮುಷ್ಟಿ ಎತ್ತಿದರೆ ಪಂಪು ನಿಂತಿತು, ಓಡು. ಮೂಗು ಹಿಡಿದರೆ ಎಂಜಿನಿಯರ್ ಸಾಹೇಬರು ಬರುತ್ತಿದ್ದಾರೆ. ನಿಯಮದ ಪುಸ್ತಕದಲ್ಲಿ ಈ ಕೊನೆಯದೊಂದನ್ನು ಬಿಟ್ಟು ಉಳಿದವೆಲ್ಲ ಇದ್ದವು. ಕೆಳಗಿನವನು ನಿಮಿಷಕ್ಕೊಮ್ಮೆಯಾದರೂ ಮೇಲಿನವನ ಮುಖ ನೋಡಬೇಕು ಎಂಬುದೂ ಇತ್ತು. ಒಬ್ಬರ ಮುಖವನ್ನು ಒಬ್ಬರು ಹತ್ತೊಂಬತ್ತು ವರ್ಷ ಹಾಗೆ ನೋಡಿದವರು ಗಂಡಹೆಂಡಿರಲ್ಲೂ ಕಡಿಮೆ.

ಎಣಿಕೆಯಾದ ಒಂಬತ್ತನೇ ದಿನ ಆದೇಶ ಬಂತು. ಪಾಳಿಯ ಹೆಡ್ ಆಪರೇಟರ್ ಹುದ್ದೆಗೆ ಗುಡ್ಡನ ಬಡ್ತಿ.

ಆ ಹುದ್ದೆ ಹಿಂದೆ ಎರಡು ಸಲ ಖಾಲಿಯಾಗಿತ್ತು. ಎರಡು ಸಲವೂ ಹಿರಿತನದಲ್ಲಿ ಮೊದಲನೆಯವನು ಗುಡ್ಡನೇ. ಎರಡು ಸಲವೂ ಬೇರೆ ಪಾಳಿಯ ಕಿರಿಯರು ಬಂದು ಕೂತರು. ಮೊದಲ ಸಲ ಮೀಸೆ, "ಬಿಡೋ, ಮುಂದಿನ ಸಲ," ಎಂದಿದ್ದ. ಎರಡನೇ ಸಲ ಏನೂ ಅನ್ನಲಿಲ್ಲ. ಮೂರನೇ ಸಲ ಖಾಲಿಯಾದಾಗ ಅದು ತನಗೇ ಬರುತ್ತದೆ ಎಂದು ಮೀಸೆ ಮನೆಯಲ್ಲಿ ಹೇಳಿಟ್ಟಿದ್ದ. ಅದರಲ್ಲಿ ಗುಡ್ಡನ ಮೇಲೆ ದ್ವೇಷವೇನೂ ಇರಲಿಲ್ಲ. ಗುಡ್ಡದವನನ್ನು ಹೆಡ್ ಮಾಡುವುದಿಲ್ಲ ಎಂಬುದು ಅವನ ಮಟ್ಟಿಗೆ ಹವಾಮಾನದ ಹಾಗೆ. ಯಾರೂ ಮಾಡಿದ್ದಲ್ಲ, ಇರುವುದೇ ಹಾಗೆ. ಹಾಗಿದ್ದ ಮೇಲೆ ಸಾಲಿನಲ್ಲಿ ಮುಂದಿನವನು ತಾನು.

ಆದೇಶ ಓದಿದವರೆಲ್ಲ ಒಂದೇ ಮಾತು ಆಡಿದರು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂದು ಅಂದವರು ಒಬ್ಬರೂ ಇಲ್ಲ. ಟೊಂಗೆ ಮುರಿಯಲೆಂದೇ ಕಾಗೆ ಕೂತಿತು ಎಂದರು.

"ಮೇಯರಮ್ಮ ಕೂತು ಒಂಬತ್ತು ದಿನ ಆಗಿಲ್ಲ," ಎಂದ ಫಿಟ್ಟರ್. "ನಮ್ಮ ಹೆಡ್ಡು ಸಾರ್ ಕೂತೇಬಿಟ್ರು."

ಅಂದಿನಿಂದ ಅವನನ್ನು ಯಾರೂ ಗುಡ್ಡ ಎಂದು ಕರೆಯಲಿಲ್ಲ. ಆ ಅಡ್ಡಹೆಸರು ಮೊದಲ ವರ್ಷ ಮುಳ್ಳಿನ ಹಾಗೆ ಚುಚ್ಚಿತ್ತು. ಆಮೇಲೆ ಹಳೆಯ ಚಪ್ಪಲಿಯ ಹಾಗೆ ಕಾಲಿಗೆ ಒಗ್ಗಿತ್ತು. ಈಗ ಅದೂ ಹೋಯಿತು. ಕಾವಲುಗಾರ ಗೇಟು ತೆರೆದು, "ಸಾರ್, ನನ್ನ ತಮ್ಮನಿಗೊಂದು ವರ್ಗಾವಣೆ ಆಗ್ಬೇಕಿತ್ತು. ನೀವೊಂದು ಮಾತು ಮೇಯರಮ್ಮನ ಕಿವೀಲಿ ಹಾಕಿದ್ರೆ," ಎಂದ. ನನಗೆ ಅವರ ಪರಿಚಯವೇ ಇಲ್ಲ ಎಂದು ಗುಡ್ಡ ಹೇಳಿದರೆ, "ಇರ್ಲಿ ಬಿಡಿ ಸಾರ್, ದೊಡ್ಡವರು ಹಾಗೇ ಹೇಳೋದು," ಎಂದು ಕಣ್ಣು ಮಿಟುಕಿಸಿದ.

ಇದನ್ನೆಲ್ಲ ಅವನು ತಡೆದುಕೊಂಡಾನು. ತಡೆಯಲಾಗದ್ದು ಮೀಸೆಯದು. ಆದೇಶ ಬಂದ ಮರುದಿನ ಮೀಸೆ ಹದಿನಾಲ್ಕು ಮೆಟ್ಟಿಲು ಹತ್ತಿ ಬಂದು, ಮಾತು ಕೇಳಿಸುವಂತೆ ಗುಡ್ಡನನ್ನು ಹೊರಗೆ ಅಂಗಳಕ್ಕೆ ಕರೆದ.

"ಇನ್ನು ಮೇಲೆ ಕೈಸನ್ನೆ ಬೇಡ ಸಾರ್. ಏನು ಮಾಡ್ಬೇಕೋ ಬರೆದುಕೊಡಿ."

"ಏನೋ ಇದು, ಯಾರಿಗೆ ಸಾರ್ ಅಂತಿದೀಯ?"

"ಹೆಡ್ಡಿಗೆ ಸಾರ್ ಅನ್ಬೇಕಲ್ಲ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನ ತಲೆಗೆ ಬರುತ್ತೆ. ನಿಮಗಾದ್ರೆ ಮೇಲೆ ಜನ ಇದಾರೆ. ನಮಗೆ ಚೀಟಿ ಒಂದೇ ದಿಕ್ಕು."

ಚೀಟಿ ನಿಯಮಕ್ಕೆ ವಿರುದ್ಧ. ಆಗುವುದಿಲ್ಲ, ಮುಖ ನೋಡಿ ಕೆಲಸ ಮಾಡು ಎಂದು ಗುಡ್ಡ ಅಲ್ಲೇ ಹೇಳಬಹುದಿತ್ತು. ಹೇಳಿದರೆ ಅದು ಹೆಡ್ಡಿನ ಮೊದಲ ಹುಕುಂ ಆಗುತ್ತಿತ್ತು. ಒಂದು ವಾರ ಹೋದರೆ ಮುನಿಸು ತಾನೇ ಹಳಸುತ್ತದೆ, ಅಲ್ಲಿಯವರೆಗೆ ಅವನ ಹಟಕ್ಕೆ ತಲೆಬಾಗೋಣ ಎಂದುಕೊಂಡು ಗುಡ್ಡ ಜೇಬಿನಿಂದ ಪೆನ್ನು ತೆಗೆದ.

ಹೀಗೆ ಶುರುವಾಯಿತು. ಪಂಪು ಬದಲಿಸಬೇಕಾದಾಗಲೆಲ್ಲ ಗುಡ್ಡ ಚೀಟಿ ಬರೆಯುವುದು, ಮೆಟ್ಟಿಲಿಳಿದು ಕೊಡುವುದು, ಮೀಸೆ ಅದನ್ನು ಪೂರ್ತಿ ಓದಿ ಮೊಳೆಗೆ ಚುಚ್ಚಿ ಆಮೇಲೆ ಚಕ್ರಕ್ಕೆ ಕೈ ಹಾಕುವುದು, ಗುಡ್ಡ ಮತ್ತೆ ಮೇಲೆ ಹತ್ತುವುದು. ಮೀಸೆ ತನ್ನ ಸ್ಟೂಲನ್ನು ತಿರುಗಿಸಿ ಹಾಕಿಕೊಂಡಿದ್ದ. ಮೇಲಿನಿಂದ ಕಾಣುತ್ತಿದ್ದದ್ದು ಅವನ ಬೆನ್ನು ಮಾತ್ರ. ಊಟಕ್ಕೆ ಅವನು ಕ್ಲೋರಿನ್ ಕೋಣೆಗೆ ಹೋಗತೊಡಗಿದ. ಗುಡ್ಡ ಅದೇ ಬೆಂಚಿನಲ್ಲಿ ಒಬ್ಬನೇ ಕೂತು ತಿಂದ. ಅಭ್ಯಾಸಬಲದಿಂದ ಬೆಂಚಿನ ಅರ್ಧವನ್ನು ಮಾತ್ರ ಬಳಸಿದ. ಡಬ್ಬಿಯಲ್ಲಿ ಪ್ರತಿದಿನವೂ ಒಂದಿಷ್ಟು ಉಳಿಯುತ್ತಿತ್ತು. ಇಷ್ಟು ವರ್ಷ ಅಕ್ಕ ಇಬ್ಬರಿಗಾಗುವಷ್ಟು ಕಟ್ಟುತ್ತಿದ್ದಳೆಂದು ಅವನಿಗೆ ಗೊತ್ತಾದದ್ದು ಆಗಲೇ.

ಅಕ್ಕನೂ ಅವನೂ ಎರಡು ಕೋಣೆಯ ಮನೆಯಲ್ಲಿದ್ದರು. ಅವಳು ಶಾಲೆಗಳ ಸಮವಸ್ತ್ರ ಹೊಲಿಯುತ್ತಿದ್ದಳು. ಮೇಯರಳ ಚಿತ್ರವನ್ನು ಪೇಪರಿನಿಂದ ಕತ್ತರಿಸಿ ಹೊಲಿಗೆ ಯಂತ್ರದ ಎದುರಿನ ಗೋಡೆಗೆ ಅಂಟಿಸಿದ್ದಳು.

"ಡಬ್ಬಿ ಯಾಕೆ ಹಾಗೇ ಬಂದಿದೆ?"

"ಹಸಿವಿರಲಿಲ್ಲ."

"ಸುಳ್ಳು. ಮೀಸೆ ಜೊತೆ ಮಾತು ಬಿಟ್ಟಿದೀಯ."

"ನಾನು ಬಿಟ್ಟಿಲ್ಲ ಅಕ್ಕಾ, ಅವನು ಬಿಟ್ಟಿದ್ದು."

"ಹೊಟ್ಟೆಯುರಿ. ಮೊದಲ ಸಲ ನಮ್ಮವರೊಬ್ಬರು ಮೇಲೆ ಬಂದ್ರೆ ಹೀಗೇ."

"ಅವನಿಗೆ ಹೊಟ್ಟೆಯುರಿ ಅನ್ಬೇಡ. ನಿನ್ನ ಆಪರೇಶನ್ನಿಗೆ ಎರಡು ಬಾಟ್ಲಿ ರಕ್ತ ಕೊಟ್ಟವನು ಅವನೇ. ಮೇಯರಿಗೂ ಅವನೇ ಓಟು ಹಾಕಿರೋದು."

ಅಕ್ಕ ಯಂತ್ರ ನಿಲ್ಲಿಸಿದಳು. ಹಲ್ಲಿನಲ್ಲಿ ದಾರ ಕಡಿದಳು. "ರಕ್ತ ಕೊಟ್ಟ. ನಾನೇನು ಇಲ್ಲ ಅಂದ್ನಾ? ರಕ್ತ ಕೊಡೋದು ಸುಲಭ ಕಣೋ. ಕುರ್ಚಿ ಕೊಡೋದು ಕಷ್ಟ."

ಅಕ್ಕನ ಮಾತು ನಿಜವೇ ಇರಬಹುದು. ಆದರೆ ಗುಡ್ಡನಿಗೆ ಬೇಕಾಗಿದ್ದದ್ದು ನಿಜವಲ್ಲ, ಬೆಂಚಿನ ಇನ್ನರ್ಧದಲ್ಲಿ ಕೂರುವ ಮನುಷ್ಯ.

ಚೀಟಿ ಶುರುವಾದ ಹದಿನೆಂಟನೇ ದಿನ, ಬೆಳಗ್ಗೆ ಹನ್ನೊಂದು ನಲವತ್ತಕ್ಕೆ, ವೋಲ್ಟೇಜು ಕುಸಿದು ಎರಡನೇ ಪಂಪು ನಿಂತಿತು.

ಪಂಪು ನಿಂತರೆ ಮೇಲೇರಿದ ನೀರು ಹಿಂದಕ್ಕೆ ನುಗ್ಗುತ್ತದೆ. ಅದನ್ನು ತಡೆಯುವ ಬಿಲ್ಲೆಯೊಂದು ಪ್ರತಿ ಪಂಪಿನ ಪೈಪಿನಲ್ಲೂ ಇರುತ್ತದೆ. ಎರಡನೆಯದರ ಬಿಲ್ಲೆ ಸವೆದು ಎರಡು ವರ್ಷವಾಗಿತ್ತು. ಹೊಸದಕ್ಕೆ ಮೂರು ಸಲ ಬರೆದಿದ್ದರು, ಬಂದಿರಲಿಲ್ಲ. ಹಾಗಾಗಿ ಎರಡನೆಯದು ನಿಂತರೆ ಕೆಳಗಿನವನು ಹದಿನೈದು ಸೆಕೆಂಡಿನೊಳಗೆ ಅದರ ಚಕ್ರವನ್ನು ಅರ್ಧವಾದರೂ ಮುಚ್ಚಬೇಕು. ಆ ಎರಡು ವರ್ಷದಲ್ಲಿ ಅದು ಏಳು ಸಲ ನಿಂತಿತ್ತು. ಏಳು ಸಲವೂ ಗುಡ್ಡನ ಮುಷ್ಟಿ ಪೂರ್ತಿ ಮೇಲೇಳುವ ಮೊದಲೇ ಮೀಸೆ ಚಕ್ರದ ಮೇಲಿದ್ದ.

ಈ ಸಲವೂ ಗುಡ್ಡ ಎರಡು ಮುಷ್ಟಿ ಎತ್ತಿದ. ಕೆಳಗೆ ಬೆನ್ನು ಕಂಡಿತು. ಮೂರು ಪಂಪಿನ ಸದ್ದು ಎರಡಾಗಿತ್ತು. ಹೊಸಬನಿಗೆ ಅದು ತಿಳಿಯದೆ ಹೋದೀತು. ಮೀಸೆಯ ತಲೆ ಒಂದು ಬೆರಳಷ್ಟು ಮೇಲೆದ್ದದ್ದನ್ನು ಗುಡ್ಡ ಕಂಡ. ಬೆನ್ನು ನೆಟ್ಟಗಾಯಿತು. ಆದರೆ ತಿರುಗಲಿಲ್ಲ, ಏಳಲಿಲ್ಲ. ಗುಡ್ಡ ಮೆಟ್ಟಿಲುಗಳನ್ನು ಮೂರು ಮೂರಾಗಿ ಹಾರಿ ಇಳಿದು ಅವನ ಭುಜ ಹಿಡಿದು ಎಳೆದ. ಇಬ್ಬರೂ ಒಟ್ಟಿಗೆ ಚಕ್ರಕ್ಕೆ ಬಿದ್ದರು. ಆಗ ತಡವಾಗಿತ್ತು. ಪೈಪಿನೊಳಗೆ ಸುತ್ತಿಗೆಯಿಂದ ಹೊಡೆದಂಥ ಸದ್ದಾಯಿತು, ಜೋಡಣೆಯ ರಬ್ಬರು ಸೀಳಿತು, ನೀರು ಸೂರಿಗೆ ಚಿಮ್ಮಿತು. ಗುಡ್ಡ ಮೇಲೆ ಓಡಿಹೋಗಿ ಉಳಿದೆರಡು ಪಂಪುಗಳನ್ನೂ ನಿಲ್ಲಿಸಿ ಮತ್ತೆ ಕೆಳಗಿಳಿದ. ನಿಲ್ಲಿಸದಿದ್ದರೆ ಮೋಟಾರುಗಳು ಸುಡುತ್ತಿದ್ದವು. ಗುಂಡಿಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಇಬ್ಬರೂ ಏದುಸಿರು ಬಿಟ್ಟರು. ಪಂಪ್‌ಮನೆ ಅಷ್ಟು ನಿಶ್ಶಬ್ದವಾಗಿದ್ದದ್ದನ್ನು ಅವರು ಹಿಂದೆಂದೂ ಕೇಳಿರಲಿಲ್ಲ. ಆ ನಿಶ್ಶಬ್ದದಲ್ಲಿ ಮಾತಾಡಬಹುದಿತ್ತು.

ಊರಿನ ಅರ್ಧಕ್ಕೆ ಮೂವತ್ತೊಂದು ಗಂಟೆ ನೀರಿರಲಿಲ್ಲ. ಮರುದಿನದ ಪತ್ರಿಕೆಯೊಂದು "ಗುಡ್ಡದ ಮೇಯರ್, ಗುಡ್ಡದ ಹೆಡ್, ಒಣಗಿದ ನಲ್ಲಿ" ಎಂದು ತಲೆಬರಹ ಕೊಟ್ಟಿತು. ಸವೆದ ಬಿಲ್ಲೆಯ ಸುದ್ದಿ ಒಳಪುಟದಲ್ಲಿ ಒಂದು ಸಾಲಿತ್ತು. ನೀರಿನ ಟ್ಯಾಂಕರಿನ ಸಾಲಿನಲ್ಲಿ ನಿಂತವರು, "ಅವರ ಕೈಗೆ ಕೊಟ್ರೆ ಇನ್ನೇನಾಗುತ್ತೆ," ಎಂದರಂತೆ. ಹಾಗೆಂದವರಲ್ಲಿ ಅವಳಿಗೆ ಓಟು ಹಾಕಿದವರೂ ಇದ್ದಿರಬೇಕು. ಲೆಕ್ಕ ಹಾಗೇ ಹೇಳುತ್ತದೆ.

ಪತ್ರಿಕೆ ಬಂದ ದಿನವೇ ಮೇಯರ್ ಪಂಪ್‌ಮನೆಗೆ ಬಂದಳು. ಜೊತೆಗೆ ಎಂಜಿನಿಯರು, ಮೂವರು ಕ್ಯಾಮೆರಾದವರು. ಪೋಸ್ಟರಿಗಿಂತ ಕುಳ್ಳಗಿದ್ದಳು, ದಣಿದಿದ್ದಳು. ಒದ್ದೆ ನೆಲದಲ್ಲಿ ಶೂ ನೆನೆಯುವುದನ್ನು ಲೆಕ್ಕಿಸದೆ ಗುಂಡಿಯ ತನಕ ಹೋಗಿ ನೋಡಿದಳು. ಫಿಟ್ಟರಿನ ಬಳಿ, ಮೀಸೆಯ ಬಳಿ, ಕ್ಲೋರಿನ್ ಕೋಣೆಯವರ ಬಳಿ ಒಂದೊಂದು ನಿಮಿಷ ನಿಂತು ಮಾತಾಡಿಸಿದಳು. ಗುಡ್ಡನ ಹತ್ತಿರ ಬಂದಾಗ ಒಂದು ಮಾರು ದೂರ ನಿಂತಳು. ಎಲ್ಲರಿಗಿಂತ ಅವನಿಗೆ ಮಾತ್ರ ಆ ದೂರ.

"ವರದಿ ನೀವೇ ಬರೀಬೇಕಂತೆ. ಇದ್ದದ್ದು ಇದ್ದ ಹಾಗೆ ಬರೀರಿ. ನನಗೋಸ್ಕರ ಏನೂ ಬರೀಬೇಡಿ," ಎಂದು, ಉತ್ತರಕ್ಕೆ ಕಾಯದೆ ಹೊರಟಳು.

ಗುಡ್ಡನಿಗೆ ಬೇಸರವಾಗಲಿಲ್ಲ. ಆ ಒಂದು ಮಾರು ದೂರ ಅವನಿಗೆ ಚೆನ್ನಾಗಿ ಗೊತ್ತಿತ್ತು. ಜಲಮಂಡಳಿಯ ಕ್ಯಾಂಟೀನಿನಲ್ಲಿ ಬೇರೆ ಗುಡ್ಡದವರು ಕೂತಿದ್ದ ಮೇಜಿಗೆ ಅವನು ಇಷ್ಟು ವರ್ಷದಲ್ಲಿ ಒಂದು ದಿನವೂ ಹೋಗಿರಲಿಲ್ಲ. ಹೋದರೆ, ಗುಂಪು ಕಟ್ಟುತ್ತಾರೆ ಎನ್ನುತ್ತಾರಲ್ಲ ಎಂದು. ಅವಳು ಊರಿಗೆಲ್ಲ ಮೇಯರ್. ಆದರೆ ಊರಿನಲ್ಲಿ ಒಬ್ಬನ ಹತ್ತಿರ ನಿಂತು ಮಾತಾಡುವಂತಿಲ್ಲ, ಆ ಒಬ್ಬ ತಾನು. ಅವಳ ಬೆನ್ನಿಗೆ ಅವನು ಮನಸ್ಸಿನಲ್ಲೇ, ಹೋಗಿ ಬಾ ತಂಗೀ ಎಂದ. ಅವಳಿಗಿಂತ ಅವನು ಎರಡು ವರ್ಷ ದೊಡ್ಡವನು.

ಎಂಜಿನಿಯರ್ ಅಲ್ಲೇ ಉಳಿದರು. ನಿವೃತ್ತಿಗೆ ಐದು ತಿಂಗಳಿದ್ದ ಮನುಷ್ಯ, ಮಾತು ಕಡಿಮೆ.

"ಮೂರು ದಿನದಲ್ಲಿ ವರದಿ ಬೇಕು. ತಪ್ಪು ಯಾರದು ಅಂತ ಇರ್ಬೇಕು."

"ಸಾರ್, ಒಂದು ಕೇಳ್ಲಾ? ನನ್ನ ಬಡ್ತಿ ಹೇಗಾಯ್ತು?"

ಎಂಜಿನಿಯರ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ಮೂರು ಸಲವೂ ನಾನು ಕಳಿಸಿದ್ದು ನಿಮ್ಮ ಹೆಸರನ್ನೇ. ಎರಡು ಸಲ ಮೇಲಿನವರು ಕೆಂಪು ಗೆರೆ ಎಳೆದು ವಾಪಸ್ ಕಳಿಸಿದ್ರು. ಈ ಸಲ ಎಳೀಲಿಲ್ಲ."

"ಯಾಕೆ?"

"ಎಳೆದಾಗಲೂ ಕಾರಣ ಬರೆದಿರ್ಲಿಲ್ಲ. ಎಳೀದೇ ಇದ್ದಾಗಲೂ ಬರೆದಿಲ್ಲ. ಕಡತ ಹೋಗಿದ್ದು ಎಣಿಕೆಗೆ ಇಪ್ಪತ್ತಾರು ದಿನ ಮೊದಲು. ಸಹಿ ಬಿದ್ದಿದ್ದು ಎಣಿಕೆಯ ಹಿಂದಿನ ದಿನ. ಆಗ ಯಾರು ಗೆಲ್ತಾರೆ ಅಂತ ಯಾರಿಗೂ ಖಾತ್ರಿ ಇರ್ಲಿಲ್ಲ, ಊರಿಗೆಲ್ಲ ಅಂದಾಜಿತ್ತು. ನೀವು ಹೇಗೆ ಓದಿಕೊಂಡ್ರೂ ನನ್ನದೇನೂ ತಕರಾರಿಲ್ಲ."

ಗುಡ್ಡ ಅದನ್ನು ಎರಡು ದಿನ ಓದಿಕೊಂಡ. ಬಡ್ತಿ ಅವನ ಹಕ್ಕು, ಅದು ಖಾತ್ರಿ. ಹಕ್ಕು ಕೈಗೆ ಸಿಕ್ಕಿದ್ದು ಗಾಳಿ ತಿರುಗಿದ್ದರಿಂದ, ಅದೂ ಇರಬಹುದು. ಒಂದು ನಿಜ ಇನ್ನೊಂದನ್ನು ಸುಳ್ಳು ಮಾಡುವುದಿಲ್ಲವೆಂದು ಅವನಿಗೆ ತಿಳಿಯುತ್ತಿತ್ತು. ಅದನ್ನು ಯಾರ ಬಳಿ ಕೂತು ಹೇಳುವುದೆಂದು ತಿಳಿಯಲಿಲ್ಲ. ಹೇಳಬಹುದಾಗಿದ್ದವನು ಒಬ್ಬನೇ.

ವರದಿಯನ್ನು ಅವನು ಗೇಜಿನ ಕಟ್ಟೆಯ ಮೇಲೆ ಕೂತು ಬರೆದ. ಸವೆದ ಬಿಲ್ಲೆ, ಬರೆದ ಮೂರು ಪತ್ರಗಳ ತಾರೀಖು, ವೋಲ್ಟೇಜು ಕುಸಿದ ಹೊತ್ತು. ಆಮೇಲೆ ಹೀಗೆ ಬರೆದ: "ಹದಿನೆಂಟು ದಿನದಿಂದ ಕೈಸನ್ನೆ ಬಿಟ್ಟು ಚೀಟಿಯಲ್ಲಿ ಕೆಲಸ ನಡೆಯುತ್ತಿತ್ತು. ಇದು ನಿಯಮಕ್ಕೆ ವಿರುದ್ಧವೆಂದು ನನಗೆ ಗೊತ್ತಿತ್ತು. ನಿಲ್ಲಿಸುವ ಅಧಿಕಾರ ನನಗಿತ್ತು. ನಾನು ನಿಲ್ಲಿಸಲಿಲ್ಲ." ಇಲ್ಲಿಗೆ ಪೆನ್ನು ನಿಂತಿತು. ಮುಂದಿನದು ಮೀಸೆಯ ತಲೆ ಒಂದು ಬೆರಳಷ್ಟು ಮೇಲೆದ್ದ ಸಂಗತಿ. ಬರೆದರೆ ಮೀಸೆಯ ನೌಕರಿಗೆ ಕುತ್ತು. ಬಿಟ್ಟರೆ ವರದಿ ಸುಳ್ಳು, ಊರಿನ ಬಾಯಿಗೆ ತಾನೂ ಮೇಯರಳೂ ಆಹಾರ. ಅತ್ತ ದರಿ, ಇತ್ತ ಪುಲಿ. ಅವನು ನಾಲ್ಕು ಸಾಲಿನಷ್ಟು ಜಾಗ ಖಾಲಿ ಬಿಟ್ಟು ಕೆಳಗೆ ಸಹಿ ಹಾಕಿದ. ಊಟದ ಹೊತ್ತಿಗೆ ಮೆಟ್ಟಿಲಿಳಿದ. ಎರಡನೆಯದರ ರಿಪೇರಿಗೆಂದು ಪಂಪುಗಳನ್ನೆಲ್ಲ ಒಂದು ತಾಸು ನಿಲ್ಲಿಸಿದ್ದರು. ಗುಂಡಿಯಲ್ಲಿ ಮೀಸೆ ಒಬ್ಬನೇ ಕೂತು ಚಕ್ರಗಳಿಗೆ ಗ್ರೀಸು ಹಚ್ಚುತ್ತಿದ್ದ.

"ಓದು."

ಮೀಸೆ ಕೈ ಒರೆಸಿಕೊಂಡು ಓದಿದ. ಎರಡು ಸಲ ಓದಿದ.

"ತಪ್ಪೆಲ್ಲ ನಿಮ್ಮ ಮೇಲೇ ಹಾಕ್ಕೊಂಡಿದೀರಿ."

"ನನ್ನದಿರೋಷ್ಟು ಹಾಕ್ಕೊಂಡಿದೀನಿ."

"ಈ ಖಾಲಿ ಜಾಗ?"

"ಅದು ನಿನ್ನದು. ಅವತ್ತು ಪಂಪು ನಿಂತದ್ದು ನಿನಗೆ ಕೇಳಿಸಿತೋ ಇಲ್ವೋ, ನಾನು ಹೇಗೆ ಬರೀಲಿ? ನೀನೇ ಬರಿ."

ಮೀಸೆಯ ಮುಖ ಕೆಂಪಾಯಿತು. "ಬಲೆ ಹಾಕ್ತಿದೀಯಾ? ಬರೀದಿದ್ರೆ ಹೇಡಿ, ಬರೆದ್ರೆ ಕಳ್ಳ. ಮೇಯರಮ್ಮ ಹೇಳಿಕೊಟ್ಟದ್ದಾ ಇದು?"

"ಅವರು ನನ್ನ ಹತ್ರ ನಿಂತು ಮಾತಾಡೋಕೂ ಹೆದರ್ತಾರೆ, ನೀನೇ ನೋಡಿದೀಯ."

"ಅವಳನ್ನ ಮೇಯರ್ ಮಾಡಿದ್ದು ನಾನು ಕಣೋ!" ಮೀಸೆ ಗ್ರೀಸಿನ ಡಬ್ಬಿಯನ್ನು ನೆಲಕ್ಕೆ ಕುಕ್ಕಿದ. "ಮನೇಲಿ ಹೆಂಡ್ತಿ ಹತ್ರ, ಬೀದೀಲಿ ಭಾವನ ಹತ್ರ ಜಗಳ ಆಡಿ ನಾಲ್ಕು ಓಟು ಹಾಕ್ಸಿದೆ. ನಿನ್ನನ್ನ ಹೆಡ್ ಮಾಡಿ ಅಂತ ನಾನು ಯಾರಿಗೂ ಹೇಳಿರ್ಲಿಲ್ಲ."

ಅಂದ ಮೇಲೆ ಅವನಿಗೇ ತನ್ನ ಮಾತು ಕೇಳಿಸಿತು. ಗುಡ್ಡನೂ ಕೇಳಿಸಿಕೊಂಡ. ಇಷ್ಟು ದಿನ ತಾನು ಹುಡುಕುತ್ತಿದ್ದದ್ದು ಇದೇ ಎಂದು ಅವನಿಗನ್ನಿಸಿತು. ಆದರೆ ಸಿಕ್ಕಿದ ಮೇಲೆ ಕೋಪ ಬರಲಿಲ್ಲ. ಮೆಟ್ಟಿಲ ಮೇಲೆ ಕೂತ.

"ನಮ್ಮವಳು ಬರ್ತಾಳೆ ಅಂತಲೇ ನನಗೆ ಸಿಕ್ಕಿರಬಹುದು," ಎಂದ. "ನಾನು ವಿಚಾರಿಸಿದೆ. ಇಲ್ಲ ಅಂತ ಹೇಳೋಕಾಗಲ್ಲ. ಆದ್ರೆ ಹಿಂದಿನ ಎರಡು ಸಲ ನನ್ನ ಹೆಸರಿನ ಮೇಲೆ ಕೆಂಪು ಗೆರೆ ಎಳೆದ್ರಂತೆ. ಆಗ ಯಾರ ಪ್ರಭಾವ ಅಂತ ಪಂಪ್‌ಮನೇಲಿ ಯಾರೂ ಕೇಳ್ಲಿಲ್ಲ. ನೀನೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ."

ಮೀಸೆ ಕಾಗದವನ್ನು ಮೊಣಕಾಲ ಮೇಲೆ ಹರಡಿದ. ಆಮೇಲೆ ಗುಡ್ಡನ ಜೇಬಿನಿಂದ ತಾನೇ ಪೆನ್ನು ಎಳೆದುಕೊಂಡು ಬರೆದ. ನಾಲ್ಕು ಸಾಲಿನ ಜಾಗದಲ್ಲಿ ಅವನು ಬರೆದದ್ದು ಒಂದು ಸಾಲು: "ಪಂಪು ನಿಂತದ್ದು ಕೇಳಿಸಿತು. ಚೀಟಿ ಬರಲಿ ಎಂದು ಸುಮಾರು ಹತ್ತು ಸೆಕೆಂಡು ಬೇಕೆಂದೇ ಕೂತೆ."

"ಬೇಕೆಂದೇ ಅನ್ನೋದು ಬೇಡ," ಎಂದ ಗುಡ್ಡ.

"ಇದ್ದದ್ದು ಇದ್ದ ಹಾಗೆ ಅಂದ್ರಲ್ಲ ಮೇಯರಮ್ಮ. ಇರ್ಲಿ."

ಗ್ರೀಸಿನ ಬೆರಳಚ್ಚು ಕಾಗದದ ಅಂಚಿನಲ್ಲಿ ಮೂಡಿತು. ವರದಿ ಹಾಗೇ ಹೋಯಿತು.

ಮೀಸೆಗೆ ಒಂದು ತಿಂಗಳ ಅಮಾನತು, ಆಮೇಲೆ ಊರಿನ ಇನ್ನೊಂದು ತುದಿಯ ಪಂಪ್‌ಮನೆಗೆ ವರ್ಗ. ಗುಡ್ಡನಿಗೆ ಲಿಖಿತ ಎಚ್ಚರಿಕೆ, ಹುದ್ದೆ ಉಳಿಯಿತು. ಎರಡನೇ ಪಂಪಿಗೆ ಹೊಸ ಬಿಲ್ಲೆ ನಾಲ್ಕೇ ದಿನದಲ್ಲಿ ಬಂತು. ಗುಡ್ಡದವನು ತನ್ನ ಜೋಡಿಯನ್ನೇ ಓಡಿಸಿದ ಎಂದು ಪಂಪ್‌ಮನೆ ಮಾತಾಡಿಕೊಂಡಿತು. ಅತ್ತ ಅಕ್ಕ ಮೂರು ದಿನ ಮುಖ ಊದಿಸಿಕೊಂಡಿದ್ದಳು. "ನಿನ್ನ ತಪ್ಪು ಅಂತ ಯಾಕೆ ಬರೆದೆ? ಕೇರಿಯವರೆಲ್ಲ ಕೇಳ್ತಾರೆ. ನಮ್ಮವಳ ಮರ್ಯಾದೆ ತೆಗೆದೆಯಂತೆ," ಎಂದಳು. ಎರಡೂ ಕಡೆಯವರು ಅವನನ್ನು ನಂಬಿರಲಿಲ್ಲ. ಬೇರೆ ಯಾವ ವಿಷಯದಲ್ಲೂ ಊರು ಇಷ್ಟು ಒಮ್ಮತಕ್ಕೆ ಬಂದದ್ದಿಲ್ಲ.

ಅಮಾನತು ಮುಗಿದ ದಿನ ಮೀಸೆ ತನ್ನ ಬೀರುವಿನ ಸಾಮಾನು ಒಯ್ಯಲು ಬಂದ. ಒಂದು ಟವೆಲು, ರಬ್ಬರಿನ ಬೂಟು, ತಗಡಿನ ಲೋಟ. ಮೂರು ಪಂಪುಗಳು ಓಡುತ್ತಿದ್ದವು, ಹಾಗಾಗಿ ಏನೂ ಮಾತಾಡುವಂತಿರಲಿಲ್ಲ. ಗುಡ್ಡ ಹೊಸ ಜೋಡಿಯನ್ನು ಕಾವಲಿಗೆ ನಿಲ್ಲಿಸಿ ಗೇಟಿನ ತನಕ ಹೋದ. ಮೀಸೆ ಸೈಕಲ್ಲಿನ ಹಿಂದೆ ಚೀಲ ಕಟ್ಟಿದ. ಗಂಟು ಸರಿಯಾಗಿ ಕೂರಲಿಲ್ಲ. ಗುಡ್ಡ ಚೀಲ ಹಿಡಿದುಕೊಂಡ, ಮೀಸೆ ಮತ್ತೆ ಬಿಗಿದ.

"ಅಲ್ಲಿ ಜೋಡಿ ಯಾರು?" ಎಂದು ಗುಡ್ಡ ಕೇಳಿದ.

"ಯಾರೋ ಹೊಸಬ." ಮೀಸೆ ಪೆಡಲ್ಲಿನ ಮೇಲೆ ಕಾಲಿಟ್ಟ. ಹೊರಡಲಿಲ್ಲ. ರಸ್ತೆಯನ್ನೇ ನೋಡುತ್ತ ಹೇಳಿದ. "ಮೂರನೇದರ ಬೇರಿಂಗ್ ದನಿ ಬದಲಾಗಿದೆ. ಒಳಗೆ ಬರ್ತಿದ್ದ ಹಾಗೇ ಗೊತ್ತಾಯ್ತು. ನಿನ್ನ ಹೊಸ ಹುಡುಗನಿಗೆ ಅದೆಲ್ಲ ತಿಳಿಯಲ್ಲ. ನೋಡ್ಕೋ."

ಸೈಕಲ್ಲು ತಿರುವಿನಲ್ಲಿ ಮರೆಯಾಗುವವರೆಗೂ ಅವನು ಹಿಂದಿರುಗಿ ನೋಡಲಿಲ್ಲ. ಗುಡ್ಡ ಒಳಗೆ ಬಂದು ಮೂರನೇ ಪಂಪಿನ ಬೇರಿಂಗಿನ ಮೇಲೆ ಅಂಗೈ ಇಟ್ಟ. ಐದು ಎಣಿಸುವಷ್ಟು ಹೊತ್ತು ಇಡಲಾಗಲಿಲ್ಲ. ಅಷ್ಟು ಸುಡುತ್ತಿತ್ತು. ಅವನು ಪಂಪು ನಿಲ್ಲಿಸಲು ಮೇಲೆ ಹತ್ತಿದ.